ನೌಪಾಡಾದಿಂದ ಖಾಡಿಗೆ: ಕೆಸರಿನ ಲೆಕ್ಕ

ಠಾಣೆ ಸ್ಟೇಷನ್ನಿನಿಂದ ಹೊರಟ ವಾಶಿ ಲೋಕಲ್ ಕೆಲವೇ ನಿಮಿಷಗಳಲ್ಲಿ ಖಾಡಿಯ ಸೇತುವೆ ಹತ್ತುತ್ತದೆ. ಆ ಹೊತ್ತಿಗೆ ಸಮುದ್ರ ಇಳಿದಿದ್ದರೆ ಡಬ್ಬಿಯಲ್ಲಿದ್ದವರು ಹೇಳಿಕೊಟ್ಟವರಂತೆ ಒಟ್ಟಿಗೆ ಮೂಗಿಗೆ ಕರ್ಚೀಫು ಹಿಡಿಯುತ್ತಾರೆ. ಕೊಳೆತ ಮೊಟ್ಟೆಯ ವಾಸನೆ. ಎರಡೂ ಬದಿಗೆ ಕಪ್ಪು ಕೆಸರು, ಅದರ ಮೇಲೆ ಹಸಿರು ಗೋಡೆಯಂತೆ ಕಾಂಡ್ಲಾ ಗಿಡಗಳು. ಐರೋಲಿಯ ಐಟಿ ಪಾರ್ಕಿಗೆ ಹನ್ನೊಂದು ವರ್ಷದಿಂದ ಇದೇ ರೈಲಿನಲ್ಲಿ ಹೋಗಿ ಬರುತ್ತಿದ್ದೇನೆ. ಹತ್ತು ವರ್ಷ ನಾನೂ ಕರ್ಚೀಫು ಹಿಡಿದವನೇ.

ಕಳೆದ ವರ್ಷ ಒಂದು ಭಾನುವಾರ ಅಪ್ಪನನ್ನು ಇದೇ ರೈಲಿನಲ್ಲಿ ಕರೆದುಕೊಂಡು ಹೊರಟಿದ್ದೆ. ಅವರಿಗೀಗ ಎಪ್ಪತ್ಮೂರು. ಸೇತುವೆ ಬಂತು, ಎಲ್ಲರೂ ಮೂಗು ಮುಚ್ಚಿಕೊಂಡರು. ಅಪ್ಪ ಮಾತ್ರ ಕಿಟಕಿಗೆ ಮುಖ ಕೊಟ್ಟು ಕೂತಿದ್ದರು. "ಇದು ಬರೀ ಕೊಳಕಿನ ವಾಸ್ನೆ ಅಲ್ಲ ತಮಾ. ನಮ್ಮ ಗಜನಿ ವಾಸ್ನೆಯೂ ಉಂಟು ಇದ್ರಲ್ಲಿ" ಎಂದರು.

ಅಪ್ಪನ ಊರು ಕುಮಟಾ ಹತ್ತಿರ, ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ದಂಡೆ. ಅಲ್ಲಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಿದ್ದರು. ಸುತ್ತ ಮಣ್ಣಿನ ಒಡ್ಡು, ಒಡ್ಡಿಗೊಂದು ಮರದ ಬಾಗಿಲು. ಮಳೆಗಾಲದಲ್ಲಿ ಬಾಗಿಲು ಹಾಕಿ ಸಿಹಿನೀರಲ್ಲಿ ಭತ್ತ, ಕೊಯ್ಲು ಮುಗಿದ ಮೇಲೆ ಬಾಗಿಲು ತೆಗೆದು ಉಪ್ಪುನೀರಲ್ಲಿ ಮೀನು, ಸಿಗಡಿ. ಅಲೆ ಒಡ್ಡನ್ನು ಕೊರೆಯದಿರಲಿ ಎಂದು ಹೊರಗಡೆ ಕಾಂಡ್ಲಾ ಗಿಡಗಳನ್ನು ಉಳಿಸಿಕೊಳ್ಳುತ್ತಿದ್ದರು. ಅಪ್ಪ 1974ರಲ್ಲಿ ಊರು ಬಿಟ್ಟು ಠಾಣೆಗೆ ಬಂದು ಸ್ಟೇಷನ್ ಬಳಿಯ ಹೋಟೆಲೊಂದರ ಗಲ್ಲಾಪೆಟ್ಟಿಗೆಯಲ್ಲಿ ಕೂತರು. ಮುಂದೆ ನೌಪಾಡಾದಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಫ್ಲ್ಯಾಟ್ ಕೊಂಡರು. ನಾನು ಹುಟ್ಟಿದ್ದು ಅಲ್ಲೇ.

ನೌಪಾಡಾ ಗೊತ್ತಿಲ್ಲದವರಿಗೆ ಎರಡು ಮಾತು. ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದರೆ ಗೋಖಲೆ ರಸ್ತೆ, ಅದರಾಚೆ ರಾಮಮಾರುತಿ ರಸ್ತೆ, ಇತ್ತ ಗಾಂವದೇವಿ ಮೈದಾನ. ಇವುಗಳ ನಡುವಿನ ಗಲ್ಲಿಗಳಲ್ಲಿ ಮೂರು ನಾಲ್ಕು ಮಹಡಿಯ ಹಳೆಯ ಸೊಸೈಟಿಗಳು, ಸೀರೆ ಅಂಗಡಿ, ವಡಾಪಾವ್, ಉಡುಪಿ ಹೋಟೆಲು. ಇಲ್ಲಿ ನಿಂತರೆ ಸಮುದ್ರದ ಸುಳಿವೇ ಸಿಗದು. ಆದರೆ ಪಾದಚಾರಿ ಸೇತುವೆಯಿಂದ ಹಳಿ ದಾಟಿ ಪೂರ್ವಕ್ಕೆ, ಕೊಪರಿಯ ಕಡೆಗೆ ಇಳಿದರೆ ಚೆಂದಣಿ ಕೋಳಿವಾಡಾ ಸಿಗುತ್ತದೆ, ಅಲ್ಲಿಂದ ಮೀಠ್ ಬಂದರ್ ರಸ್ತೆ. ಮೀಠ್ ಅಂದರೆ ಉಪ್ಪು. ರಸ್ತೆ ಮುಗಿಯುವಲ್ಲಿ ಖಾಡಿ. ನಮ್ಮ ಮನೆಯಿಂದ ಅರ್ಧ ಗಂಟೆಯ ನಡಿಗೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದು ಠಾಣೆಯಲ್ಲಿ. ಮರುವರ್ಷ ಖಾಡಿಗೆ ಸೇತುವೆಯಾಗಿ ರೈಲು ಕಲ್ಯಾಣಕ್ಕೆ ಹೋಯಿತು. ಅಲ್ಲಿಂದ ಇಲ್ಲಿಯವರೆಗೆ ನಾವೆಲ್ಲ ಖಾಡಿಯನ್ನು ದಾಟುವವರೇ, ನಿಂತು ನೋಡಿದವರು ಕಡಿಮೆ.

ನಾನು ನಿಂತು ನೋಡುವಂತಾಗಿದ್ದು ಆಫೀಸಿನ ಒಂದು ಕೆಲಸದಿಂದ. ಪರಿಸರ ದಿನಕ್ಕೆ ಕಾಂಡ್ಲಾ ಸಸಿ ನೆಡುವ ಕಾರ್ಯಕ್ರಮವಿತ್ತು. "ನೀವು ನೆಟ್ಟ ಸಸಿ ಎಷ್ಟು ಇಂಗಾಲ ಹೀರುತ್ತದೆ" ಎಂದು ತೋರಿಸುವ ಪುಟ್ಟ ಕ್ಯಾಲ್ಕ್ಯುಲೇಟರ್ ಬರೆದುಕೊಡು ಎಂದರು. ಸಸಿಗಳ ಸಂಖ್ಯೆ ಹಾಕಿದರೆ ಇಂಗಾಲದ ಡೈಆಕ್ಸೈಡ್ ಎಷ್ಟು ಎಂದು ಬರಬೇಕು. ಒಂದು ಸಂಜೆಯ ಕೆಲಸ ಅಂದುಕೊಂಡೆ.

ಸೂತ್ರ ಸುಲಭವಾಗಿಯೇ ಸಿಕ್ಕಿತು. ಜಪಾನಿನ ಅಕಿರಾ ಕೊಮಿಯಾಮಾ ಮತ್ತು ಸಂಗಡಿಗರು 2005ರಲ್ಲಿ ಕಾಂಡ್ಲಾ ಮರಗಳಿಗೆಲ್ಲ ಅನ್ವಯವಾಗುವ ಸಮೀಕರಣಗಳನ್ನು ಕೊಟ್ಟಿದ್ದಾರೆ. ಕಾಂಡದ ವ್ಯಾಸ ಮತ್ತು ಮರದ ಸಾಂದ್ರತೆ ಗೊತ್ತಿದ್ದರೆ ಸಾಕು, ಮರ ಕಡಿಯದೆ ಅದರ ಒಣತೂಕ ಅಂದಾಜು ಮಾಡಬಹುದು. ಎದೆಯೆತ್ತರದಲ್ಲಿ ಹತ್ತು ಸೆಂಟಿಮೀಟರ್ ದಪ್ಪದ ಮರ ತೆಗೆದುಕೊಳ್ಳಿ. ಸಾಂದ್ರತೆ 0.65 ಎಂದಿಟ್ಟುಕೊಂಡರೆ ನೆಲದ ಮೇಲೆ ಸುಮಾರು 47 ಕಿಲೋ, ಬೇರು ಸುಮಾರು 22 ಕಿಲೋ. ಒಟ್ಟು ಎಪ್ಪತ್ತರ ಹತ್ತಿರ. ಇದರಲ್ಲಿ ಶೇಕಡಾ 45ರಷ್ಟು ಇಂಗಾಲ ಎಂದರೆ 31 ಕಿಲೋ. ಡೈಆಕ್ಸೈಡ್ ಲೆಕ್ಕಕ್ಕೆ ತರಲು 44ರಿಂದ ಗುಣಿಸಿ 12ರಿಂದ ಭಾಗಿಸಬೇಕು: ಸುಮಾರು 115 ಕಿಲೋ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಡೈಆಕ್ಸೈಡ್ ಹೊರಬರುತ್ತದೆ. ಅಂದರೆ ಒಂದು ಸಸಿ ವರ್ಷಾನುಗಟ್ಟಲೆ ಬದುಕಿ, ಕೈಗಾತ್ರದ ಮರವಾಗಿ ಕೂಡಿಟ್ಟದ್ದು ಐವತ್ತು ಲೀಟರ್ ಪೆಟ್ರೋಲಿಗೆ ಸಮ. ಒಂದು ಕಾರಿನ ಟ್ಯಾಂಕು ಒಮ್ಮೆ ತುಂಬಿದಷ್ಟು.

ಇಷ್ಟೇನಾ ಅನ್ನಿಸಿತು. ಇಷ್ಟಕ್ಕೆ ಕಾಂಡ್ಲಾ ಕಾಡನ್ನು ಜಗತ್ತು ಹೊಗಳುವುದೇಕೆ? ಅಪ್ಪನಿಗೆ ಲೆಕ್ಕ ಹೇಳಿದೆ. ಅವರು ಗಲ್ಲಾಪೆಟ್ಟಿಗೆಯ ಮನುಷ್ಯ. "ಮರದ್ದು ಹೇಳಿದೆ, ಬುಡದ್ದು ಎಲ್ಲಿ?" ಎಂದರು. ಬೇರು ಸೇರಿಸಿದ್ದೇನೆ ಎಂದೆ. "ಬೇರಲ್ಲ. ಕೆಸರು. ಎಲೆ ಬಿದ್ದು, ಕೊಳೆತು, ಕೆಸರಾಗ್ತದಲ್ಲ, ಅದು ಯಾರ ಖಾತೆಗೆ?"

ಆ ಭಾನುವಾರ ಅವರನ್ನು ಐರೋಲಿಗೆ ಕರೆದೊಯ್ದದ್ದು ಅದಕ್ಕೇ. ಅಲ್ಲಿ ಅರಣ್ಯ ಇಲಾಖೆಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರವಿದೆ, ಚಳಿಗಾಲದಲ್ಲಿ ಫ್ಲೆಮಿಂಗೊ ನೋಡಲು ದೋಣಿ ಬಿಡುತ್ತಾರೆ. ಅದರ ಆಡಳಿತ ನೋಡುವ ಮ್ಯಾಂಗ್ರೋವ್ ಸೆಲ್‌ಗೆ ಮರಾಠಿಯಲ್ಲಿ ಕಾಂದಳವನ ಕಕ್ಷ ಎಂಬ ಹೆಸರು. ಬೋರ್ಡು ಓದಿದ ಅಪ್ಪ, "ನಮ್ಮ ಕಾಂಡ್ಲಾ ಇಲ್ಲಿ ಕಾಂದಳ ಆಯ್ತು" ಎಂದು ನಕ್ಕರು. ದೋಣಿ ಹೊರಟಿತು. ದಂಡೆಯುದ್ದಕ್ಕೂ ಕೆಸರಿನಿಂದ ಸಾವಿರಾರು ಉಸಿರುಬೇರುಗಳು ಪೆನ್ಸಿಲ್ ನೆಟ್ಟಂತೆ ನಿಂತಿದ್ದವು. ಕೆಸರಿನೊಳಗೆ ಗಾಳಿಯಿಲ್ಲ, ಆದ್ದರಿಂದ ಬೇರೇ ಮೇಲೆದ್ದು ಉಸಿರಾಡಬೇಕು. ಗಾಳಿಯಿಲ್ಲದಿರುವುದೇ ಈ ಕಥೆಯ ಮುಖ್ಯ ಸಂಗತಿ ಎಂದು ನನಗೆ ಆಮೇಲೆ ತಿಳಿಯಿತು.

ಸಾಮಾನ್ಯ ಕಾಡಿನಲ್ಲಿ ಬಿದ್ದ ಎಲೆಯನ್ನು ಸೂಕ್ಷ್ಮಜೀವಿಗಳು ಆಮ್ಲಜನಕ ಬಳಸಿ ತಿಂದು ಬೇಗ ಮುಗಿಸುತ್ತವೆ, ಇಂಗಾಲ ಮತ್ತೆ ಗಾಳಿಗೆ ಹೋಗುತ್ತದೆ. ನೀರು ನಿಂತ ಕೆಸರಿನಲ್ಲಿ ಆಮ್ಲಜನಕ ಮೇಲಿನ ಕೆಲವೇ ಮಿಲಿಮೀಟರ್‌ಗಳಲ್ಲಿ ಖರ್ಚಾಗಿಬಿಡುತ್ತದೆ. ಕೆಳಗಿನ ಜೀವಿಗಳು ಸಿಕ್ಕಿದ್ದರಲ್ಲಿ ಉಸಿರಾಡಬೇಕು: ಮೊದಲು ನೈಟ್ರೇಟ್, ಆಮೇಲೆ ಮ್ಯಾಂಗನೀಸ್ ಮತ್ತು ಕಬ್ಬಿಣ, ಆಮೇಲೆ ಸಮುದ್ರದ ಉಪ್ಪಿನೊಂದಿಗೆ ಬರುವ ಸಲ್ಫೇಟ್. ಇದೆಲ್ಲ ನಿಧಾನದ ಕೆಲಸ. ಆದ್ದರಿಂದ ತಿಂದು ಮುಗಿಯುವ ಮೊದಲೇ ಮೇಲೆ ಹೊಸ ಹೂಳು ಬಂದು ಕೂರುತ್ತದೆ. ಹೀಗೆ ಶತಮಾನಗಟ್ಟಲೆ ಕೂಡಿಬಿದ್ದದ್ದೇ ಈ ಕಪ್ಪು ಕೆಸರು.

ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ ಐಪಿಸಿಸಿ, ತೇವಭೂಮಿಗಳ ಲೆಕ್ಕಕ್ಕೆಂದೇ 2013ರಲ್ಲಿ ಒಂದು ಕೈಪಿಡಿ ಹೊರತಂದಿತು. ಸ್ಥಳೀಯ ಅಳತೆ ಇಲ್ಲದ ಕಡೆ ಬಳಸಲು ಅದರಲ್ಲಿ ಜಾಗತಿಕ ಸರಾಸರಿಗಳಿವೆ. ಅದರ ಪ್ರಕಾರ ಒಂದು ಹೆಕ್ಟೇರ್ ಕಾಂಡ್ಲಾ ಕಾಡಿನ ಮೇಲಿನ ಒಂದೇ ಮೀಟರ್ ಕೆಸರಿನಲ್ಲಿ 386 ಟನ್ ಇಂಗಾಲವಿದೆ. ಡೈಆಕ್ಸೈಡ್ ಲೆಕ್ಕದಲ್ಲಿ 1,415 ಟನ್. ನನ್ನ ಹತ್ತು ಸೆಂಟಿಮೀಟರ್ ಮರಗಳಲ್ಲಿ ಹೇಳುವುದಾದರೆ ಹನ್ನೆರಡು ಸಾವಿರಕ್ಕೂ ಹೆಚ್ಚು ಮರ. ಇದು ಠಾಣೆ ಖಾಡಿಯ ಅಳತೆಯಲ್ಲ, ಸರಾಸರಿ. ಆದರೂ ಅಪ್ಪ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು. ದೊಡ್ಡ ಠೇವಣಿ ಬುಡದಲ್ಲಿದೆ, ಮರ ಅದರ ಕಾವಲುಗಾರ.

ಇನ್ನು ಆ ವಾಸನೆ. ಸಲ್ಫೇಟ್ ಉಸಿರಾಡುವ ಜೀವಿಗಳು ಹೊರಬಿಡುವುದು ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ಅನಿಲ. ಠಾಣೆಯ ಖಾಡಿಯಲ್ಲಿ ಚರಂಡಿಯ ಪಾಲು ದೊಡ್ಡದು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಶುದ್ಧ ಅಳಿವೆಯ ಕೆಸರಿಗೂ ಈ ವಾಸನೆ ಇರುತ್ತದೆ, ಅಪ್ಪ ಹೇಳಿದ್ದು ಸರಿ. ಸಲ್ಫೇಟ್ ಜೀವಿಗಳು ಬಲವಾಗಿದ್ದಾಗ ಅವು ಮೀಥೇನ್ ತಯಾರಿಸುವ ಜೀವಿಗಳ ಊಟವನ್ನು ಕಸಿದುಕೊಳ್ಳುತ್ತವೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಭೂಮಿಯನ್ನು ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಹೆಚ್ಚು ಬಿಸಿ ಮಾಡುತ್ತದೆ. ಅಂದರೆ ನಾವು ಮೂಗು ಮುಚ್ಚಿಕೊಳ್ಳುವ ವಾಸನೆ, ಮೀಥೇನಿನ ಬಾಗಿಲಿಗೆ ಉಪ್ಪು ಹಾಕಿದ ಬೀಗ.

ಬೀಗ ತೆರೆದರೆ? ಐಪಿಸಿಸಿ ಕೈಪಿಡಿ ಒಂದು ಗೆರೆ ಎಳೆದಿದೆ. ನೀರಿನ ಲವಣಾಂಶ ಸಾವಿರಕ್ಕೆ 18 ಭಾಗಕ್ಕಿಂತ ಹೆಚ್ಚಿದ್ದರೆ ಮೀಥೇನ್ ಸೊನ್ನೆ ಎಂದು ಹಿಡಿಯಬಹುದು. ಕಡಿಮೆಯಿದ್ದರೆ ವರ್ಷಕ್ಕೆ ಹೆಕ್ಟೇರಿಗೆ 193.7 ಕಿಲೋ. 27ರಿಂದ ಗುಣಿಸಿದರೆ 5.2 ಟನ್ ಡೈಆಕ್ಸೈಡಿಗೆ ಸಮ. ಹೊಸದಾಗಿ ಬೆಳೆಸಿದ ಕಾಂಡ್ಲಾ ಕಾಡಿನ ಕೆಸರು ವರ್ಷಕ್ಕೆ ಕೂಡಿಡುವುದು ಹೆಕ್ಟೇರಿಗೆ 1.62 ಟನ್ ಇಂಗಾಲ, ಅಂದರೆ 5.9 ಟನ್ ಡೈಆಕ್ಸೈಡ್. ಆರರ ಹತ್ತಿರ ಜಮೆ, ಐದೂ ಕಾಲು ಖರ್ಚು! ನೀರಿನ ಉಪ್ಪು ಕಡಿಮೆಯಾದರೆ ಕೆಸರಿನ ಉಳಿತಾಯವೆಲ್ಲ ಹೆಚ್ಚುಕಡಿಮೆ ಕೊಚ್ಚಿಹೋಗುತ್ತದೆ. ಕಾಂಡ್ಲಾ ನೆಲವನ್ನು ಒಣಗಿಸಿಬಿಟ್ಟರೆ ಕಥೆ ಇನ್ನೂ ಕೆಟ್ಟದ್ದು. ಗಾಳಿ ಒಳಹೊಕ್ಕು ಹಳೆಯ ಠೇವಣಿಯೇ ಕರಗತೊಡಗುತ್ತದೆ: ವರ್ಷಕ್ಕೆ ಹೆಕ್ಟೇರಿಗೆ 7.9 ಟನ್ ಇಂಗಾಲ, ಅಂದರೆ 29 ಟನ್ ಡೈಆಕ್ಸೈಡ್.

ನನ್ನ ಕ್ಯಾಲ್ಕ್ಯುಲೇಟರ್ ಅಷ್ಟರಲ್ಲಿ ಸತ್ತಿತ್ತು. ಸಸಿಗಳ ಸಂಖ್ಯೆ ಮಾತ್ರ ಕೇಳುವ ಪೆಟ್ಟಿಗೆ ಇನ್ನು ಸಾಲದು. ಇಂಥ ಲೆಕ್ಕಕ್ಕೆ ವಿಜ್ಞಾನಿಗಳು ದೊಡ್ಡ ಮಾದರಿಗಳನ್ನೇ ಬರೆದಿದ್ದಾರೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದಲ್ಲಿದ್ದ ಚಾಂಗ್‌ಶೆಂಗ್ ಲೀ 1992ರಲ್ಲಿ ಹೊಲದ ಮಣ್ಣಿಗೆಂದು ಡಿಎನ್‌ಡಿಸಿ ಎಂಬ ಮಾದರಿ ಪ್ರಕಟಿಸಿದರು. ಅದಕ್ಕೆ ಮುಂದೆ ಕಾಡಿನದ್ದು, ತೇವಭೂಮಿಯದ್ದು, ಕಾಂಡ್ಲಾದ್ದು ಎಂದು ಕವಲುಗಳು ಬಂದವು. ತತ್ವ ನಮ್ಮ ಪ್ರೋಗ್ರಾಮರುಗಳಿಗೆ ಹೊಸದಲ್ಲ. ಎಲೆ, ಕಾಂಡ, ಬೇರು, ಬಿದ್ದ ಕಸ, ಮಣ್ಣಿನ ಪದರಗಳು, ಪ್ರತಿಯೊಂದೂ ಒಂದು ಪೆಟ್ಟಿಗೆ. ಪ್ರತಿದಿನ ಒಂದರಿಂದ ಇನ್ನೊಂದಕ್ಕೆ ಎಷ್ಟು ಇಂಗಾಲ ಹೋಯಿತು, ನೀರಿನ ಮಟ್ಟ ಎಲ್ಲಿದೆ, ಯಾವ ಪದರದಲ್ಲಿ ಆಮ್ಲಜನಕ ಉಳಿದಿದೆ ಎಂದು ಲೆಕ್ಕ ಮಾಡುತ್ತಾ ಹೋಗುವುದು. ಮನುಷ್ಯ ಮರ ಕಡಿದರೆ, ಕಾಲುವೆ ತೋಡಿದರೆ, ಒಡ್ಡು ಹಾಕಿದರೆ ಅದೂ ಒಂದು ಇನ್‌ಪುಟ್. ನಾನು ಪೈಥಾನಿನಲ್ಲಿ ಬರೆದದ್ದು ಇದರ ಅಟಿಕೆಯಂಥ ನಕಲು. ಆದರೂ ಅದನ್ನು ಓಡಿಸಿದಾಗಲೆಲ್ಲ ಫಲಿತಾಂಶವನ್ನು ತಿರುಗಿಸುತ್ತಿದ್ದುದು ಒಂದೇ ಅಂಶ: ಉಬ್ಬರದ ನೀರು ಒಳಗೆ ಬರುತ್ತದೆಯೋ ಇಲ್ಲವೋ. ಸಸಿಗಳ ಸಂಖ್ಯೆ ದುಪ್ಪಟ್ಟಾದರೂ ಗೆರೆ ಅಷ್ಟು ಅಲುಗುತ್ತಿರಲಿಲ್ಲ.

ಗಜನಿಯಲ್ಲೂ ಕೆಲಸವೆಲ್ಲ ಬಾಗಿಲಿನದ್ದೇ ಅಲ್ಲವೇ? ಹಾಗೆಂದು ಗಜನಿಯನ್ನು ದೇವಲೋಕ ಮಾಡುವುದು ಬೇಡ. ಮಳೆಗಾಲದಲ್ಲಿ ಸಿಹಿನೀರು ನಿಂತ ಭತ್ತದ ಗದ್ದೆ ಮೀಥೇನ್ ಬಿಡುತ್ತದೆ. ಆದರೆ ವರ್ಷಕ್ಕೊಮ್ಮೆ ಬಾಗಿಲು ತೆರೆದು ಸಮುದ್ರವನ್ನು ಒಳಗೆ ಕರೆಯುವ ಪದ್ಧತಿ ಅಲ್ಲಿತ್ತು. ಆ ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ತಾಣವಾಯಿತು. ಅದಕ್ಕೂ ಮೊದಲೇ, 2022ರಲ್ಲಿ, ಠಾಣೆ ಖಾಡಿಗೆ ಅದೇ ಮನ್ನಣೆ ಬಂದಿತ್ತು. ಅಪ್ಪನ ಎರಡು ಊರಿಗೂ ಒಂದೇ ಪಟ್ಟಿಯಲ್ಲಿ ಜಾಗ.

ಠಾಣೆ ಖಾಡಿಗೆ ಕಾಗದದ ಮೇಲೆ ರಕ್ಷಣೆ ಕಡಿಮೆಯಿಲ್ಲ. 2005ರಲ್ಲಿ ಬಾಂಬೆ ಹೈಕೋರ್ಟ್ ರಾಜ್ಯದಾದ್ಯಂತ ಕಾಂಡ್ಲಾ ನಾಶಕ್ಕೆ ತಡೆ ಕೊಟ್ಟಿತು. 2012ರಲ್ಲಿ ಮ್ಯಾಂಗ್ರೋವ್ ಸೆಲ್ ಬಂತು. 2015ರಲ್ಲಿ ಸುಮಾರು 1,690 ಹೆಕ್ಟೇರ್ ಫ್ಲೆಮಿಂಗೊ ಅಭಯಾರಣ್ಯವಾಯಿತು, ಅದರಲ್ಲಿ 896 ಹೆಕ್ಟೇರ್ ಕಾಂಡ್ಲಾ, ಉಳಿದದ್ದು ನೀರು. 2018ರ ಅಂತಿಮ ತೀರ್ಪಿನಲ್ಲಿ ಹೈಕೋರ್ಟ್, ಕಾಂಡ್ಲಾ ನಾಶ ಮಾಡುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿಗೇ ಧಕ್ಕೆ ಎಂದಿತು. ಅದೇ ಕೋರ್ಟು 2022ರ ಡಿಸೆಂಬರಿನಲ್ಲಿ, ಸಾರ್ವಜನಿಕ ಹಿತವೆಂದು, ಬುಲೆಟ್ ರೈಲಿಗಾಗಿ ಸುಮಾರು 20 ಸಾವಿರ ಕಾಂಡ್ಲಾ ಮರ ಕಡಿಯಲು ಅನುಮತಿಯನ್ನೂ ಕೊಟ್ಟಿತು. ಕಡಿದದ್ದಕ್ಕೆ ಬದಲಾಗಿ ಬೇರೆ ಕಡೆ ಹೆಚ್ಚು ಸಸಿ ನೆಡುತ್ತಾರೆ. ಕೆಸರನ್ನು ನೆಡಲು ಬರುವುದಿಲ್ಲವಲ್ಲ, ಅದೇ ಚಿಂತೆ.

ಇಷ್ಟು ತಿಳಿದ ಮೇಲೆ ಒಂದು ಲೇಖನ ಬರೆದು ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಅದೇ ತಿಂಗಳು ನಮ್ಮ ಸೊಸೈಟಿಯ ಸಭೆ ಬಂತು. ಹದಿನಾರು ಮನೆಗಳ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವುದೆಂದು ತೀರ್ಮಾನವಾಗಿತ್ತು. ಬಾಡಿಗೆ ಎಷ್ಟು, ಹೊಸ ಮನೆ ಎಷ್ಟು ಚದರಡಿ, ಪಾರ್ಕಿಂಗ್ ಯಾರಿಗೆ, ಎಲ್ಲ ಚರ್ಚೆಯಾಯಿತು. ಕೊನೆಗೆ ನಾನು ಕೇಳಿದೆ, ಕೆಡವಿದ ಕಟ್ಟಡ ಎಲ್ಲಿಗೆ ಹೋಗುತ್ತದೆ? ಕೆಡವುವ ಗುತ್ತಿಗೆಯವನ ಕಡೆಯಾತ ನಗುತ್ತಾ ಮರಾಠಿಯಲ್ಲಿ, "ಟೆನ್ಶನ್ ಘೇಊ ನಕಾ, ಖಾಡೀಕಡೇ ಜಾಗಾ ಆಹೇ" ಎಂದ. ಚಿಂತೆ ಬೇಡ, ಖಾಡಿಯ ಕಡೆ ಜಾಗವಿದೆ.

ಖಾಡಿಯಲ್ಲಿ ಡೆಬ್ರಿಸ್ ಸುರಿಯುವುದು ನಮ್ಮಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ರಾತ್ರಿ ಲಾರಿ ಬರುತ್ತದೆ, ಬೆಳಗಾಗುವಷ್ಟರಲ್ಲಿ ಒಂದು ಗುಡ್ಡೆ. ಅದು ನಾಲ್ಕು ಮರಗಳ ಮೇಲೆ ಬಿದ್ದರೆ ನಾಲ್ಕೇ ಮರ ಅನ್ನಿಸುತ್ತದೆ. ಆದರೆ ಉಬ್ಬರ ಒಳಗೆ ಹರಿಯುವ ಸಣ್ಣ ಕಾಲುವೆಯ ಬಾಯಿಗೆ ಬಿದ್ದರೆ ಅದು ಬಾಗಿಲಿಲ್ಲದ ಒಡ್ಡು. ಎತ್ತರದ ಜಾಗ ಒಣಗಿ ಬಿರುಕು ಬಿಡುತ್ತದೆ, ತಗ್ಗಿನಲ್ಲಿ ಮಳೆನೀರು, ಚರಂಡಿನೀರು ನಿಲ್ಲುತ್ತದೆ. ಒಂದು ಕಡೆ ಠೇವಣಿ ಕರಗುತ್ತದೆ, ಇನ್ನೊಂದು ಕಡೆ ಉಪ್ಪಿನ ಬೀಗ ತೆರೆಯುತ್ತದೆ. ಚರಂಡಿಯ ಸಾರಜನಕದಿಂದ ನೈಟ್ರಸ್ ಆಕ್ಸೈಡ್ ಹುಟ್ಟುತ್ತದೆ, ಅದರ ಬಿಸಿ ಡೈಆಕ್ಸೈಡಿನ 273 ಪಟ್ಟು. ನನ್ನ ಮಾದರಿಯಲ್ಲಿ ಅದು ಒಂದು ಸಾಲಿನ ಬದಲಾವಣೆ. ಆ ಸಾಲಿನಲ್ಲಿ ಈಗ ನಮ್ಮ ಮನೆಯ ಗೋಡೆ, ನಾನು ಓದಲು ಕೂರುತ್ತಿದ್ದ ಬಾಲ್ಕನಿ, ಅಮ್ಮನ ಅಡುಗೆಕಟ್ಟೆ.

2016ರ ನಿರ್ಮಾಣ ತ್ಯಾಜ್ಯ ನಿಯಮಗಳ ಪ್ರಕಾರ ಆಗ ತಿಂಗಳಿಗೆ 300 ಟನ್ನಿಗಿಂತ ಹೆಚ್ಚು ತ್ಯಾಜ್ಯ ಬರುವ ಕೆಲಸಕ್ಕೆ ಮೊದಲೇ ವಿಲೇವಾರಿ ಯೋಜನೆ ಕೊಡಬೇಕಿತ್ತು, ಅಧಿಕೃತ ಕೇಂದ್ರಕ್ಕೇ ಸಾಗಿಸಬೇಕಿತ್ತು. ಅದನ್ನು ಓದಿ ಹೇಳಿದೆ. ಪ್ರತಿ ಲಾರಿಗೂ ಕೇಂದ್ರದ ರಸೀದಿ ತೋರಿಸಿದ ಮೇಲೇ ಹಣ ಎಂದು ಕರಾರಿನಲ್ಲಿ ಸೇರಿಸೋಣ ಎಂದೆ. ಸಭೆ ತಣ್ಣಗಾಯಿತು. ಸಾಗಣೆ ಖರ್ಚು ಹೆಚ್ಚು, ಕೆಲಸ ತಡ, ಈಗಾಗಲೇ ಎರಡು ವರ್ಷ ಬಾಡಿಗೆ ಮನೆಯಲ್ಲಿರಬೇಕು. "ನಮ್ಮ ಹದಿನಾರು ಮನೆಯಿಂದ ಖಾಡಿ ಮುಳುಗುತ್ತದೆಯೇ?" ಎಂದು ಮೂರನೇ ಮಹಡಿಯ ಕಾಕಾ ಕೇಳಿದರು. ಉತ್ತರ ನನ್ನ ಬಳಿ ಇರಲಿಲ್ಲ. ಹದಿನಾರು ಮನೆಯಿಂದ ಮುಳುಗುವುದಿಲ್ಲ, ಅದೇ ತೊಂದರೆ.

ಆಗ ಅಪ್ಪ ಎದ್ದರು. ಸಭೆಯಲ್ಲಿ ಅವರು ಮಾತಾಡಿದ್ದು ನಾನು ನೋಡಿಲ್ಲ. ತಮ್ಮ ಹಳೆಯ ಹೋಟೆಲ್ ಮರಾಠಿಯಲ್ಲಿ, "ರಸೀದಿ ಇಲ್ಲದ ಖರ್ಚನ್ನು ನಾನು ನಲವತ್ತು ವರ್ಷ ಪುಸ್ತಕಕ್ಕೆ ಹತ್ತಿಸಿಲ್ಲ. ಹೆಚ್ಚಿನ ಖರ್ಚಿನಲ್ಲಿ ನಮ್ಮ ಮನೆಯ ಪಾಲು ಇವತ್ತೇ ಕೊಡ್ತೇನೆ" ಎಂದು ಹೇಳಿ ಕೂತರು. ಕರಾರಿನಲ್ಲಿ ಆ ಸಾಲು ಸೇರಿತು, ಹತ್ತು ಮನೆಗಳ ಒಪ್ಪಿಗೆಯಿಂದ.

ಕೆಡವುವ ದಿನಗಳಲ್ಲಿ ಅಪ್ಪ ಬಾಡಿಗೆ ಮನೆಯಿಂದ ನಡೆದುಬಂದು ಎದುರಿನ ಅಂಗಡಿಯ ಸ್ಟೂಲಿನ ಮೇಲೆ ಕೂರುತ್ತಿದ್ದರು. ಕೈಯಲ್ಲಿ ಉದ್ದನೆಯ ಲೆಕ್ಕದ ಪುಸ್ತಕ. ಲಾರಿ ನಂಬರು, ಹೊರಟ ಹೊತ್ತು. ತಮ್ಮದೇ ಮನೆ ಇಳಿಯುವುದನ್ನು ನೋಡುತ್ತಾ ಅದನ್ನು ಬರೆದುಕೊಂಡರು. ಒಂದು ದಿನ ಮಾತ್ರ, "ಇವತ್ತು ನಮ್ಮ ಅಡುಗೆಮನೆ ಹೋಯ್ತು ತಮಾ" ಎಂದರು, ಅಷ್ಟೇ.

ಕೊನೆಗೆ ನಾನು ಎರಡೂ ಪಟ್ಟಿ ಹೊಂದಿಸಿದೆ. ಅಪ್ಪನ ಪುಸ್ತಕದಲ್ಲಿ 61 ಲಾರಿ. ನಮ್ಮ ಕೈಗೆ ಬಂದ ರಸೀದಿ 58. ಮೂರು ಲಾರಿ ಎಲ್ಲಿಗೆ ಹೋದವು ಎಂದು ಕೇಳಿದಾಗ ರಸೀದಿ ಕಳೆದಿದೆ ಎಂಬ ಉತ್ತರ ಬಂತು. ಇದ್ದರೂ ಇರಬಹುದು. ಆ ಮೂರರ ಹಣ ಸೊಸೈಟಿ ಇನ್ನೂ ಕೊಟ್ಟಿಲ್ಲ.

ನನ್ನ ಪೈಥಾನ್ ಕಡತದಲ್ಲಿ ಆ ಮೂರಕ್ಕೂ ಒಂದೊಂದು ಸಾಲಿದೆ, ಎದುರಿಗೆ ಖಾಲಿ. ಆಫೀಸಿಗೆ ಕೊಟ್ಟ ಕ್ಯಾಲ್ಕ್ಯುಲೇಟರಿನಲ್ಲಿ ಈಗ ಸಸಿಗಳ ಸಂಖ್ಯೆಗಿಂತ ಮೊದಲು ಎರಡು ಪ್ರಶ್ನೆ ಬರುತ್ತವೆ: ಇಲ್ಲಿಗೆ ಉಬ್ಬರದ ನೀರು ಬರುತ್ತದೆಯೇ? ನೀರಿನ ಲವಣಾಂಶ ಅಳೆದಿದ್ದೀರಾ? ಇಲ್ಲ ಎಂದು ಒತ್ತಿದರೆ ಅದು ಯಾವ ಸಂಖ್ಯೆಯನ್ನೂ ತೋರಿಸುವುದಿಲ್ಲ. ಅದನ್ನು ಹೆಚ್ಚು ಜನ ಬಳಸುತ್ತಿಲ್ಲ.

ಭಾನುವಾರ ಬೆಳಗ್ಗೆ ನಾವಿಬ್ಬರೂ ಮೀಠ್ ಬಂದರ್ ರಸ್ತೆಯ ಕೊನೆಯವರೆಗೆ ನಡೆಯುತ್ತೇವೆ. ನೀವು ಈ ಕಡೆ ಬಂದರೆ ನೀರು ಇಳಿದ ಹೊತ್ತಿಗೆ ಬನ್ನಿ. ಕರ್ಚೀಫು ಜೇಬಿನಲ್ಲಿರಲಿ, ಸ್ವಲ್ಪ ಹೊತ್ತು ಹೊರಗೆ ತೆಗೆಯಬೇಡಿ. ಅಪ್ಪ ದಂಡೆಗುಂಟ ನಡೆದು ಹೊಸ ಗುಡ್ಡೆ ಏನಾದರೂ ಬಿದ್ದಿದೆಯೇ ಎಂದು ನೋಡುತ್ತಾರೆ. ಬಿದ್ದಿದ್ದರೆ ಅದರಲ್ಲಿ ನಮ್ಮ ಅಡುಗೆಮನೆಯ ಹಸಿರು ಟೈಲ್ಸಿನ ಚೂರು ಇದೆಯೇ ಎಂದು ಕೋಲಿನಿಂದ ಕೆದಕುತ್ತಾರೆ. ಇಲ್ಲಿಯವರೆಗೆ ಸಿಕ್ಕಿಲ್ಲ.